ಹೋಟೆಲ್ ಚಟವಿಲ್ಲದ ಹುಡುಗ

ನನ್ನ ಮದುವೆಯ ಮಾತು ಶುರುವಾದ ಕಾಲದಲ್ಲಿ ಗಂಡಿನ ಯೋಗ್ಯತೆ ಅಳೆಯಲು ಹೆಣ್ಣಿನ ಕಡೆಯವರು ಮೂರು ಪ್ರಶ್ನೆ ಕೇಳುತ್ತಿದ್ದರು. ಕೆಲಸ ಖಾಯಂ ಆಗಿದೆಯೇ? ಬೀಡಿ, ಸಿಗರೇಟು ಉಂಟೇ? ಹೋಟೆಲ್ ಚಟ ಇದೆಯೇ? ಮೊದಲನೆಯದಕ್ಕೆ ಕಾರ್ಖಾನೆಯವರು ಕೊಟ್ಟ ಕಾಗದ ನನ್ನ ಹತ್ತಿರವಿತ್ತು. ಎರಡನೆಯದಕ್ಕೆ ನನ್ನ ಎದೆಯೇ ಉತ್ತರ ಹೇಳುತ್ತಿತ್ತು; ಪಕ್ಕದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಅರ್ಧ ಗಂಟೆ ಕೆಮ್ಮುತ್ತಿದ್ದೆ. ಮೂರನೆಯದಕ್ಕೆ ಮಾತ್ರ ಅತ್ತಿಗೆ ಸುಳ್ಳು ಹೇಳಬೇಕಾಯಿತು.

ಇದರ ಗಾಂಭೀರ್ಯ ಈಗಿನವರಿಗೆ ತಿಳಿಯುವುದು ಕಷ್ಟ. ಈಗ ಹೋಟೆಲಿಗೆ ಹೋಗದವನನ್ನು ಕಂಡರೆ ಹೊಟ್ಟೆ ಸರಿಯಿಲ್ಲವೇನೋ ಎಂದು ವಿಚಾರಿಸುತ್ತಾರೆ. ಆಗ ಹೋಟೆಲಿಗೆ ಹೋಗುವವನನ್ನು ಕಂಡರೆ ಮನೆ ಸರಿಯಿಲ್ಲವೇನೋ ಎಂದು ವಿಚಾರಿಸುತ್ತಿದ್ದರು. ಇಸ್ಪೀಟು, ಕುದುರೆ ರೇಸು, ಹೋಟೆಲು, ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ತಲೆ ಅಲ್ಲಾಡಿಸುವ ಹಿರಿಯರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದರು. ಅವರಲ್ಲಿ ಇಬ್ಬರನ್ನು ನಾನು ಮೆಜೆಸ್ಟಿಕ್ಕಿನ ಹೋಟೆಲಿನಲ್ಲಿ ಆಗಾಗ ನೋಡುತ್ತಿದ್ದೆ. ನೋಡಿದರೂ ಪರಸ್ಪರ ನೋಡಿಲ್ಲವೆಂಬುದು ನಮ್ಮೊಳಗಿನ ಒಪ್ಪಂದ.

ನಾನಿದ್ದದ್ದು ಅಣ್ಣ ಅತ್ತಿಗೆಯ ಜೊತೆ, ರಾಜಾಜಿನಗರದಲ್ಲಿ. ನಗರ ಎಂಬ ಹೆಸರು ಮೊದಲು ಬಂದಿತ್ತು, ನಗರ ಆಮೇಲೆ ನಿಧಾನವಾಗಿ ಬರುತ್ತಿತ್ತು. ಬ್ಲಾಕುಗಳಿಗೆ ನಂಬರು ಬಿದ್ದಿತ್ತು, ಸೈಟುಗಳಿಗೆ ಕಲ್ಲು ಬಿದ್ದಿತ್ತು, ಮನೆಗಳು ಅಲ್ಲೊಂದು ಇಲ್ಲೊಂದು. ನಮ್ಮ ಹಿತ್ತಿಲ ಬಾಗಿಲು ತೆರೆದರೆ ಅತ್ತಿಗುಪ್ಪೆ ದಿಕ್ಕಿಗೆ ಕಣ್ಣು ಹಾಯುವಷ್ಟೂ ರಾಗಿ ಹೊಲ. ಅಣ್ಣ ಸರ್ವೆ ಇಲಾಖೆಯವನು. ತಿಂಗಳಲ್ಲಿ ಇಪ್ಪತ್ತು ದಿನ ಬೇರೆಯವರ ಭೂಮಿ ಅಳೆಯುತ್ತ ಊರೂರು ತಿರುಗುತ್ತಿದ್ದ. ನಾನು ಅಲ್ಲೇ ಹತ್ತಿರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತ. ಸಂಜೆ ಸೈರನ್ ಕೂಗಿದ ಕೂಡಲೇ ಸೈಕಲ್ ಹತ್ತಿದರೆ ಊರೆಲ್ಲ ನನ್ನದು.

ಆ ಐದು ವರ್ಷ ನಾನು ಬೆಂಗಳೂರನ್ನು ಓದಿದೆ. ಬೇರೆಯವರು ಬೆಂಗಳೂರು ನೋಡಲು ಬಂದರೆ ಲಾಲ್‌ಬಾಗ್ ನೋಡುತ್ತಾರೆ, ಕಬ್ಬನ್ ಪಾರ್ಕ್ ನೋಡುತ್ತಾರೆ, ಹೊಸದಾಗಿ ಎದ್ದು ನಿಂತ ವಿಧಾನಸೌಧದ ಮುಂದೆ ಕತ್ತು ನೋಯುವವರೆಗೆ ನಿಲ್ಲುತ್ತಾರೆ. ನನ್ನ ಭೂಪಟವೇ ಬೇರೆ. ಯಾವ ಹೋಟೆಲಿನಲ್ಲಿ ಪೂರಿಯ ಜೊತೆಗಿನ ಸಾಗುವಿಗೆ ಗಸಗಸೆ ಹಾಕುತ್ತಾರೆ, ಯಾವ ಹೋಟೆಲಿನ ರವೆ ಇಡ್ಲಿಯ ತಲೆಯ ಮೇಲೆ ಗೋಡಂಬಿ ಇಡೀ ಕೂರುತ್ತದೆ, ಯಾವುದರಲ್ಲಿ ಅರ್ಧ ಕೂರುತ್ತದೆ, ಬೆಳಗಿನ ಕೇಸರಿಬಾತು ಚೆನ್ನಾಗಿರುವ ಜಾಗದಲ್ಲಿ ಸಂಜೆಯ ಕೇಸರಿಬಾತನ್ನು ಏಕೆ ಮುಟ್ಟಬಾರದು, ಇವೆಲ್ಲ ನನಗೆ ಬಾಯಿಪಾಠ. ಒಂದು ಹೋಟೆಲಿನಲ್ಲಿ ಕಾಫಿಯನ್ನು ಲೋಟದಿಂದ ಲೋಟಕ್ಕೆ ಮೂರಡಿ ಎತ್ತರದಿಂದ ಸುರಿಯುವವರೊಬ್ಬರಿದ್ದರು. ಒಂದು ಹನಿ ಹೊರಗೆ ಬಿದ್ದದ್ದನ್ನು ನಾನು ಕಂಡಿಲ್ಲ. ಅದನ್ನು ನೋಡಿದ ದಿನ ಕಾಫಿ ಕುಡಿಯದೆ ಬಂದರೂ ನಷ್ಟವಿರಲಿಲ್ಲ. ಆದರೆ ಕುಡಿಯದೆ ಬಂದಿದ್ದು ಇಲ್ಲ.

ಮನೆಗೆ ಬಂದು ರಾತ್ರಿಯ ಊಟಕ್ಕೆ ಕೂತರೆ ಎರಡು ತುತ್ತಿಗೆ ಕೈ ನಿಲ್ಲುತ್ತಿತ್ತು. ಅತ್ತಿಗೆ ಕೇಳಿದರೆ ಕಾರ್ಖಾನೆಯ ಶಾಖಕ್ಕೆ ಹಸಿವು ಸಾಯುತ್ತದೆ ಎನ್ನುತ್ತಿದ್ದೆ. ಒಂದೆರಡು ಸಲ ಸಾರು ಸಪ್ಪೆ ಎಂದೂ ಹೇಳಿದ್ದುಂಟು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೀಗಿರುವಾಗ ತಿಪಟೂರಿನಲ್ಲಿ ಅತ್ತಿಗೆಯ ಚಿಕ್ಕಪ್ಪನ ಮಗಳ ಮದುವೆಗೆ ಹೋದೆ. ಪಂಕ್ತಿಯಲ್ಲಿ ತುಪ್ಪ ಬಡಿಸಲು ಒಬ್ಬಳು ಹುಡುಗಿ ಬಂದಳು. ನಾನು ಸಭ್ಯನೆಂದು ತೋರಿಸಿಕೊಳ್ಳಲು ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎಂದೆ. ಅವಳು ನಿಂತಳು. ಎಲೆಯಲ್ಲಿದ್ದ ಒಬ್ಬಟ್ಟನ್ನು ನೋಡಿದಳು.

"ತುಪ್ಪ ಇಲ್ದೆ ಒಬ್ಬಟ್ಟು ತಿನ್ನೋ ಹಾಗಿದ್ರೆ ಎಲೆ ಮುಂದೆ ಯಾಕೆ ಕೂತ್ಕೊಂಡ್ರಿ?" ಎಂದಳು.

ನಾನು ಕೈ ತೆಗೆದೆ. ಆ ಕೈಯನ್ನು ತೆಗೆದ ಕ್ಷಣದಲ್ಲೇ ನನ್ನ ವಿವಾಹ ನನ್ನ ಮಟ್ಟಿಗೆ ನಿಶ್ಚಯವಾಗಿತ್ತು. ಇನ್ನು ಉಳಿದವರ ಒಪ್ಪಿಗೆ ಬೇಕಿತ್ತು, ಅಷ್ಟೆ.

ಅತ್ತಿಗೆ ವಿಚಾರಿಸಿದರು. ಹುಡುಗಿಯ ತಂದೆ ಕೊಬ್ಬರಿ ವ್ಯಾಪಾರಿ, ಇಬ್ಬರು ಹೆಣ್ಣುಮಕ್ಕಳು, ಹಿರಿಯವಳಿಗೆ ಮದುವೆಯಾಗಿದೆ. ಜಾತಕ ಕೂಡಿತು. ಅವರ ಕಡೆಯಿಂದ ಒಂದೇ ಒಂದು ಷರತ್ತು ಬಂತು: ಹುಡುಗನಿಗೆ ಹೋಟೆಲ್ ಚಟ ಇರಬಾರದು. ಉಳಿದದ್ದೆಲ್ಲ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ, ಇದು ಮಾತ್ರ ಇಲ್ಲ. ಅತ್ತಿಗೆ ಕಾಗದ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ನಾನು ನೀರು ಕುಡಿಯುತ್ತಿದ್ದೆ. ಎಷ್ಟು ಹೊತ್ತು ಕುಡಿಯಬಹುದೋ ಅಷ್ಟು ಹೊತ್ತು ಕುಡಿದೆ. ಕೊನೆಗೆ ಅವರೇ ಉತ್ತರ ಬರೆಸಿದರು: ನಮ್ಮ ಹುಡುಗ ಇದುವರೆಗೆ ಹೋಟೆಲಿನ ಮೆಟ್ಟಿಲು ತುಳಿದವನಲ್ಲ. ಬರೆದದ್ದು ನಾನೇ, ನನ್ನ ಸ್ವಂತ ಅಕ್ಷರದಲ್ಲಿ.

ಹದಿನೈದು ದಿನದಲ್ಲಿ ಉತ್ತರ ಬಂತು. ಮನೆಯ ಯಜಮಾನರು, ಎಂದರೆ ಹುಡುಗಿಯ ತಂದೆ, ಬೆಂಗಳೂರು ನೋಡಲು ಭಾನುವಾರ ಬರುತ್ತಾರೆ, ಹುಡುಗ ಊರು ತೋರಿಸಲಿ. ಊರು ನೋಡುವುದು ಎಂದರೆ ನನ್ನನ್ನು ನೋಡುವುದು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಭಾನುವಾರ ಬೆಳಗಿನ ರೈಲಿಗೆ ಬಂದರು. ಎತ್ತರದ ಮನುಷ್ಯ, ಕಚ್ಚೆ ಪಂಚೆ, ಕರಿ ಕೋಟು, ಮಾತು ಕಡಿಮೆ. ಮನೆಗೆ ಬಂದು ಸ್ನಾನ ಮಾಡಿ, ಅತ್ತಿಗೆ ಕೊಟ್ಟ ಕಾಫಿ ಕುಡಿದು, ಊಟಕ್ಕೆ ನಿಮ್ಮನ್ನು ಕಾಯಿಸುವುದಿಲ್ಲ, ಒಂದೂವರೆಗೆಲ್ಲ ಬರುತ್ತೇವೆ ಎಂದರು. ಅತ್ತಿಗೆ ಆಗಲೇ ಕಡಲೇಬೇಳೆ ಬೇಯಲು ಇಟ್ಟಿದ್ದರು. ಬೀಗರಾಗುವವರಿಗೆ ಒಬ್ಬಟ್ಟಿಗಿಂತ ಕಡಿಮೆ ಏನು ಮಾಡುವುದು?

ಬೀದಿಗೆ ಬಂದ ಮೇಲೆ ಯಜಮಾನರು ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ತಿಪಟೂರಿನ ಮಂಡಿಯ ಗೆಳೆಯರು ಬರೆದುಕೊಟ್ಟ ಪಟ್ಟಿಯಂತೆ. ಬೆಂಗಳೂರಿಗೆ ಹೋದವರು ಬಿಡದೆ ನೋಡಬೇಕಾದ್ದೆಲ್ಲ ಇದೆಯಂತೆ. ಮೊದಲ ಸಾಲಿನಲ್ಲಿ ವಿಧಾನಸೌಧ. ಎರಡನೆಯ ಸಾಲಿನಿಂದ ಕೊನೆಯವರೆಗೆ ಎಲ್ಲವೂ ತಿನ್ನುವ ಪದಾರ್ಥ.

"ನಿಮಗೆ ಇದರ ಅಭ್ಯಾಸ ಇಲ್ಲ ಅಂತ ಕೇಳಿದೀನಿ. ನನಗೂ ಊರು ಹೊಸದು. ಇಬ್ಬರೂ ಸೇರಿ ಹುಡುಕೋಣ" ಎಂದರು.

ನಾನು ಈ ಸಂಕಟವನ್ನು ಪೂರ್ತಿ ಮುಂಗಾಣದೆ ಇರಲಿಲ್ಲ. ಊರು ತೋರಿಸುವಾಗ ಒಂದು ಕಾಫಿಗಾದರೂ ಎಲ್ಲೋ ನಿಲ್ಲಬೇಕಾಗಬಹುದು ಎಂದುಕೊಂಡು ಹಿಂದಿನ ಸಂಜೆಯೇ ಸೈಕಲ್ ತುಳಿದು ಪೇಟೆಯ ನನ್ನ ಖಾಸಾ ಜಾಗಗಳಿಗೆಲ್ಲ ಹೋಗಿ, ನಾಳೆ ನಾನು ಒಬ್ಬ ಹಿರಿಯರ ಜೊತೆ ಬಂದರೆ ದಯವಿಟ್ಟು ನನ್ನ ಗುರುತು ಹಿಡಿಯಬೇಡಿ ಎಂದು ಕೇಳಿಕೊಂಡು ಬಂದಿದ್ದೆ. ಕೇಳಿಕೊಳ್ಳಲು ಹೋದ ಕಡೆಯೆಲ್ಲ ಏನಾದರೂ ತಿನ್ನದೆ ಬರುವುದು ಮರ್ಯಾದೆಯಲ್ಲವಾದ್ದರಿಂದ ಆ ರಾತ್ರಿ ಅತ್ತಿಗೆಯ ಊಟಕ್ಕೆ ಮತ್ತೆ ಎರಡೇ ತುತ್ತು.

ವಿಧಾನಸೌಧದ ಮುಂದೆ ಜಾತ್ರೆಯಂತೆ ಜನ. ಹೊರ ಊರಿನ ಬಸ್ಸುಗಳು ಸಾಲಾಗಿ ನಿಂತಿದ್ದವು. ಯಜಮಾನರು ಕಟ್ಟಡವನ್ನು ಬುಡದಿಂದ ಗುಮ್ಮಟದ ತನಕ ಒಂದು ಸಲ ನೋಡಿ, ಕಲ್ಲಿನ ಕೆಲಸ ಅಚ್ಚುಕಟ್ಟಾಗಿದೆ ಎಂದು ಒಪ್ಪಿ, ಪಟ್ಟಿಯ ಮೊದಲ ಸಾಲಿಗೆ ಬೆರಳಿನ ಉಗುರಿನಿಂದ ಗೀರು ಹಾಕಿದರು. ಎಲ್ಲ ಸೇರಿ ಐದು ನಿಮಿಷ ಆಗಿರಬಹುದು.

ಎರಡನೆಯ ಸಾಲು ಮೆಜೆಸ್ಟಿಕ್ಕಿನ ದೊಡ್ಡ ಹೋಟೆಲಿನ ಮಸಾಲೆ ದೋಸೆ. ಅಮೃತಶಿಲೆಯ ಮೇಜು, ಗೋಡೆಯುದ್ದ ಕನ್ನಡಿ, ಒಂದು ಮೂಲೆಯಲ್ಲಿ ಹಸಿರು ಪರದೆ ಎಳೆದ ಫ್ಯಾಮಿಲಿ ರೂಮು. ನಾನು ಯಾವಾಗಲೂ ಕೂರುತ್ತಿದ್ದ ಮೇಜನ್ನು ಬಿಟ್ಟು ಅದರಿಂದ ಬಲು ದೂರದ ಮೇಜಿಗೆ ಅವರನ್ನು ಕರೆದುಕೊಂಡು ಹೋದೆ. ಅಲ್ಲಿಯ ಹಿರಿಯ ಸಪ್ಲೈಯರು ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತ ಬಂದರು. ಐವತ್ತು ದಾಟಿದ ಮನುಷ್ಯ, ಒಂದೇ ತೋಳಿನ ಮೇಲೆ ಆರು ತಟ್ಟೆ ಜೋಡಿಸಿ ತರುವ ಕಲಾವಿದ. ಐದು ವರ್ಷದಿಂದ ನನ್ನನ್ನು ಕಂಡರೆ 'ಮಾಮೂಲಾ ಸಾರ್?' ಎಂಬ ಎರಡು ಮಾತು ಬಿಟ್ಟರೆ ಮೂರನೆಯದು ಆಡಿದವರಲ್ಲ. ಅವತ್ತು ನನ್ನ ಮುಂದೆ ನಿಂತು, ನ್ಯಾಯಾಲಯದಲ್ಲಿ ಪ್ರಮಾಣ ಮಾಡುವವರ ಧ್ವನಿಯಲ್ಲಿ ಹೇಳಿದರು:

"ನಿಮ್ಮನ್ನ ಈ ಹೋಟೆಲಲ್ಲಿ ನಾನು ಯಾವತ್ತೂ ನೋಡಿಲ್ಲ ಸಾರ್."

ಯಾರೂ ಕೇಳಿರಲಿಲ್ಲ. ಯಜಮಾನರು ಅವರನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಪಟ್ಟಿಯನ್ನು ನೋಡಿದರು. ಎರಡು ಮಸಾಲೆ ದೋಸೆ ಎಂದರು. ಸಪ್ಲೈಯರಿಗೆ ತಮ್ಮ ಕರ್ತವ್ಯ ಇನ್ನೂ ಮುಗಿದಿಲ್ಲ ಎನ್ನಿಸಿರಬೇಕು. ನನ್ನ ಕಡೆ ಬಗ್ಗಿ, ಮಸಾಲೆ ದೋಸೆ ಎಂದರೆ ಏನು, ಅದರ ಒಳಗೆ ಆಲೂಗಡ್ಡೆ ಪಲ್ಯ ಇರುತ್ತದೆ, ಅದನ್ನು ಕೈಯಿಂದ ಮುರಿದು ತಿನ್ನಬೇಕು ಎಂದು ಸಾವಧಾನವಾಗಿ ತಿಳಿಸಿಕೊಟ್ಟರು. ನಾನು ಆಶ್ಚರ್ಯಪಟ್ಟೆ. ಅವರಿಗೆ ತೃಪ್ತಿಯಾಯಿತು.

ಆ ದೋಸೆಯ ಬಗ್ಗೆ ನಿಷ್ಪಕ್ಷಪಾತವಾಗಿ ಬರೆಯುವ ಶಕ್ತಿ ನನಗಿಲ್ಲ. ಹೊರಮೈ ಹದವಾಗಿ ಸುಟ್ಟ ಇಟ್ಟಿಗೆಯ ಬಣ್ಣ, ಮುಟ್ಟಿದರೆ ಗರಿ; ಮುರಿದರೆ ಒಳಗೆ ಹತ್ತಿಯಂತೆ ಮೆತ್ತಗೆ. ಬೆಳ್ಳುಳ್ಳಿ ಬೆರೆತ ಕೆಂಪು ಚಟ್ನಿ ಎಲ್ಲಿ ಮುಗಿಯಿತು, ಪಲ್ಯ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಮೇಲಿನ ಬೆಣ್ಣೆ ಕರಗಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ತಟ್ಟೆ ನಿಮ್ಮ ಮುಂದೆ ಬಂದಿರಬೇಕು. ಅಲ್ಲಿ ಯಾವಾಗಲೂ ಹಾಗೇ ಬರುತ್ತಿತ್ತು. ಮೊದಲ ಸಲ ತಿನ್ನುವವನ ಹಾಗೆ ಅದನ್ನು ತಿನ್ನುವುದು ನಾನು ಜೀವಮಾನದಲ್ಲಿ ಮಾಡಿದ ಅತಿ ಕಷ್ಟದ ನಟನೆ. ಬೇಕೆಂದೇ ಅಂಚನ್ನು ಬಿಟ್ಟು ನಡುವಿನಿಂದ ಮುರಿದೆ. ಎದೆ ಹಿಂಡಿದ ಹಾಗಾಯಿತು.

ಯಜಮಾನರು ಮಾತ್ರ ಮೊದಲು ದೋಸೆಯನ್ನು ಮುಟ್ಟಲಿಲ್ಲ. ಕಾಯಿ ಚಟ್ನಿಯನ್ನು ಬೆರಳ ತುದಿಯಲ್ಲಿ ತೆಗೆದು ನಾಲಗೆಯ ಮೇಲಿಟ್ಟು ಚಪ್ಪರಿಸಿದರು. ಕಾಯಿ ಮುಕ್ಕಾಲು, ಹುರಿಗಡಲೆ ಕಾಲು ಎಂದರು. ಕಾಯಿ ಒಳ್ಳೆಯದೇ, ಆದರೆ ನಿನ್ನೆ ಒಡೆದದ್ದು. ಮೂವತ್ತು ವರ್ಷ ತೆಂಗಿನಕಾಯಿಯ ನಡುವೆ ಬದುಕಿದ ನಾಲಗೆ. ನಾನು ಐದು ವರ್ಷದಲ್ಲಿ ಕಂಡುಹಿಡಿಯದ್ದನ್ನು ಅವರು ಐದು ಕ್ಷಣದಲ್ಲಿ ಹೇಳಿದರು. ಅವರ ಮೇಲೆ ನನಗೆ ಭಕ್ತಿ ಹುಟ್ಟಿತು. ಆ ಭಕ್ತಿಯನ್ನೂ ಬಚ್ಚಿಡಬೇಕಾಯಿತು.

ಮುಂದಿನ ಸಾಲು ಬಳೇಪೇಟೆಯ ಕಡೆಯ ಮಿಠಾಯಿ ಅಂಗಡಿಯ ಬಾದಾಮಿ ಹಲ್ವ. ಅಂಗಡಿಯವರು ನನ್ನನ್ನು ಕಂಡದ್ದೇ ಗೋಡೆಯ ಕಡೆ ತಿರುಗಿ ಕೂತುಬಿಟ್ಟರು. ಹಲ್ವ ತೂಗಿ ಕೊಡುವಾಗಲೂ ಕೈ ಮಾತ್ರ ಹಿಂದಕ್ಕೆ ಚಾಚಿ ಕೊಟ್ಟರು. ಬೆಣ್ಣೆ ಕಾಗದ ಬಿಡಿಸಿದರೆ ಕೇಸರಿಯ ಬಣ್ಣದ ಮುದ್ದೆ, ತುಪ್ಪದಲ್ಲಿ ಮಿಂದು ಆಗಷ್ಟೇ ಎದ್ದು ಬಂದ ಹಾಗೆ. ಹಲ್ಲಿಗೆ ಕೆಲಸವಿಲ್ಲ. ನಾಲಗೆ ಅಂಗುಳಕ್ಕೆ ಒತ್ತಿದರೆ ಸಾಕು, ಸಿಹಿ ಮೊದಲು, ಬಾದಾಮಿಯ ತರಿ ಆಮೇಲೆ, ಎಲ್ಲ ಮುಗಿಯಿತು ಎಂದುಕೊಂಡ ಮೇಲೆ ಏಲಕ್ಕಿ. ಯಜಮಾನರು ಅಂಗಡಿಯ ಮುಂದೆ ನಿಂತೇ ತಿಂದು, ಕಾಗದವನ್ನು ಮಡಚಿ ಪಟ್ಟಿಯ ಜೊತೆ ಜೇಬಿಗೆ ಇಟ್ಟುಕೊಂಡರು. ಏಕೆ ಎಂದು ಕೇಳಿದೆ. ಕಾಗದಕ್ಕೆ ವಾಸನೆ ಇದೆಯಲ್ಲ ಎಂದರು.

ಆಮೇಲೆ ಇನ್ನೊಂದು ಕಡೆ ಐಸ್ ಕ್ರೀಮು ಹಾಕಿದ ಫ್ರೂಟ್ ಸಾಲಡ್ಡು, ಮತ್ತೊಂದು ಕಡೆ ಎರಡು ಕಾಫಿ. ಒಂದು ಗಂಟೆಯ ಹೊತ್ತಿಗೆ ಪಟ್ಟಿ ಮುಗಿಯಿತು. ನನ್ನ ಗುಟ್ಟು ಉಳಿದಿತ್ತು. ಮಾಗಡಿ ರಸ್ತೆಯಲ್ಲಿ ಜಟಕಾದಲ್ಲಿ ಕೂತು ಮನೆಯ ಕಡೆ ಬರುವಾಗ ನನಗೆ ನನ್ನ ಮೇಲೇ ಮೆಚ್ಚುಗೆಯಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ನಮ್ಮ ಮನೆಗೆ ಇನ್ನು ಮೂರು ರಸ್ತೆ ಇರುವಾಗ ಯಜಮಾನರು ಜಟಕಾದವನ ಬೆನ್ನು ತಟ್ಟಿ ನಿಲ್ಲಿಸು ಎಂದರು. ಮೂಗು ಎತ್ತಿದ್ದರು.

ಅಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಬಡಾವಣೆಯ ಮನೆ ಕಟ್ಟುವ ಗಾರೆಯವರಿಗೆಂದು ಶುರುವಾಗಿ, ಕಾರ್ಖಾನೆಯವರು ಬಂದ ಮೇಲೆ ಹಾಗೇ ಉಳಿದುಕೊಂಡ ಹೋಟೆಲು. ಬೋರ್ಡು ಇಲ್ಲ. ಗಂಡ ದೋಸೆ ಹುಯ್ಯುತ್ತಿದ್ದ, ಹೆಂಡತಿ ಹಿಂದುಗಡೆ ರುಬ್ಬುತ್ತಿದ್ದಳು. ಎರಡು ಬೆಂಚು. ಮೆಟ್ಟಿಲು ಕೂಡ ಇರಲಿಲ್ಲ. ಆದ್ದರಿಂದ ಅತ್ತಿಗೆ ಬರೆಸಿದ ವಾಕ್ಯ ಇದೊಂದು ಹೋಟೆಲಿನ ಮಟ್ಟಿಗೆ ಅಕ್ಷರಶಃ ನಿಜ. ಹಿಂದಿನ ದಿನ ಇಲ್ಲಿಗೆ ನಾನು ಬಂದು ಎಚ್ಚರಿಸಿರಲಿಲ್ಲ. ವಿಧಾನಸೌಧ ನೋಡಲು ಬಂದ ತಿಪಟೂರಿನ ಯಜಮಾನರು ತಗಡಿನ ಶೆಡ್ಡಿಗೆ ಬರುತ್ತಾರೆ ಎಂದು ಯಾರು ಊಹಿಸುತ್ತಾರೆ?

ಇದು ಪಟ್ಟಿಯಲ್ಲಿಲ್ಲ ಎಂದು ಮೆಲ್ಲಗೆ ನೆನಪಿಸಿದೆ. ಪಟ್ಟಿ ಬರೆದವರಿಗೆ ಮೂಗು ಇರಲಿಲ್ಲ ಎಂದು ಇಳಿದರು. ಬೆಂಚಿನ ಮೇಲೆ ಕೂತು ಎರಡು ಮಸಾಲೆ ದೋಸೆ ಎಂದರು.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದರೆ ಮದುವೆ ಕೈಯಲ್ಲಿತ್ತು. ಆದರೆ ಆ ಹೋಟೆಲಿನ ಮಸಾಲೆ ದೋಸೆ ಹೆಸರಿಗೆ ಮಾತ್ರ. ಅವರ ಪ್ರತಿಭೆಯೆಲ್ಲ ಖಾಲಿ ದೋಸೆಯಲ್ಲಿತ್ತು. ಚಟ್ನಿಯ ಕಾಯಿ ಯಾವ ದಿನ ಒಡೆದದ್ದು ಎಂದು ಹೇಳಬಲ್ಲ ಆ ನಾಲಗೆ, ಊರಿನ ಅತ್ಯುತ್ತಮ ಖಾಲಿ ದೋಸೆಯ ಎರಡಡಿ ದೂರದಲ್ಲಿ ಕೂತು, ತಪ್ಪು ಹೇಳಿ, ತಪ್ಪು ತಿಂದು, ತಪ್ಪು ತಿಳಿದುಕೊಂಡು ತಿಪಟೂರಿಗೆ ಹೋಗಿಬಿಡುವುದನ್ನು ನೋಡಿಕೊಂಡಿರಲು ನನ್ನಿಂದ ಆಗಲಿಲ್ಲ.

"ಇಲ್ಲಿ ಮಸಾಲೆ ಹೇಳಬೇಡಿ. ಖಾಲಿ ದೋಸೆ ಹೇಳಿ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಈಗ ಕಲ್ಲಿಗೆ ನೀರು ಹೊಡೆದಿದಾರೆ, ಮೊದಲನೇ ಎರಡು ಬೇಡ, ಮೂರನೇದರಿಂದ ನಮಗೆ ಬರಲಿ. ಚಟ್ನಿ ಪಕ್ಕಕ್ಕೆ ಹಾಕಿಸ್ಕೊಳ್ಳಿ. ಮೇಲೆ ಹಾಕಿದ್ರೆ ದೋಸೆ ಕುಡಿದುಬಿಡುತ್ತೆ."

ಒಳಗಿನಿಂದ ಹೋಟೆಲಿನವನು ತಿರುಗಿ ನೋಡಿ ನಕ್ಕ. "ಅವರು ಹೇಳಿದ ಮೇಲೆ ಮುಗೀತು ಸ್ವಾಮಿ. ನಮ್ಮ ಕಲ್ಲಿನ ವಿಷಯ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು."

ಮುತ್ತುಗದ ಎಲೆಯ ಮೇಲೆ ಮೂರು ಮೂರು ದೋಸೆ ಬಂದವು. ಅಂಗೈ ಅಗಲ, ಬೆರಳು ದಪ್ಪ. ಕೆಳಗೆ ತೆಳ್ಳಗೆ ಹೊಂಬಣ್ಣ, ಮೇಲೆ ಜೇನುಗೂಡಿನಂತೆ ಕಣ್ಣು ಕಣ್ಣು. ಪಕ್ಕದಲ್ಲಿ ಸಾಗು, ಚಟ್ನಿ. ಅವರು ಒಂದು ಚೂರು ಮುರಿದು ಚಟ್ನಿಗೆ ತಾಗಿಸಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮೊದಲ ದೋಸೆ ಮುಗಿಯುವವರೆಗೆ ಬಿಡಲಿಲ್ಲ.

"ಈ ಬೆಳಿಗ್ಗೆ ಒಡೆದ ಕಾಯಿ" ಎಂದರು. ಆಮೇಲೆ, "ಎಷ್ಟು ವರ್ಷದಿಂದ?"

"ಐದು."

"ದಿನಾನಾ?"

"ಮಂಗಳವಾರ ಬಿಟ್ಟು. ಮಂಗಳವಾರ ಇವರಿಗೆ ರಜ."

ಅವರು ಎರಡನೆಯ ದೋಸೆಗೆ ಕೈ ಹಾಕಿ ನಿಧಾನವಾಗಿ ಮಾತಾಡತೊಡಗಿದರು. ಹೋಟೆಲ್ ಚಟ ಕೂಡದೆಂಬ ಷರತ್ತು ತಮ್ಮದಲ್ಲವಂತೆ, ಮಗಳದಂತೆ. ಅವರ ಹಿರಿಯ ಅಳಿಯ ಒಳ್ಳೆಯವನೇ. ಆದರೆ ದಿನಾ ಸಂಜೆ ಹೋಟೆಲಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಬರುತ್ತಾನೆ. ಹಿರಿಯ ಮಗಳು ಮಧ್ಯಾಹ್ನದಿಂದ ಅಡುಗೆ ಮಾಡಿಕೊಂಡು ಕಾದಿರುತ್ತಾಳೆ; ಅವನು ಎಲೆಯ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಾನೆ. ಬಯ್ಯುವುದಿಲ್ಲ, ಜಗಳವಿಲ್ಲ. ಆಮೇಲೆ ಅವಳೊಬ್ಬಳೇ ಕೂತು ಅಷ್ಟೂ ಅಡುಗೆಯನ್ನು ನೋಡುತ್ತ ಉಣ್ಣುತ್ತಾಳೆ. ಕಿರಿಯವಳು ಅಕ್ಕನ ಮನೆಯಲ್ಲಿ ಒಂದು ತಿಂಗಳು ಇದ್ದು ಅದನ್ನು ನೋಡಿ ಬಂದವಳು. ಬಂದವಳೇ ಅಪ್ಪನಿಗೆ ಹೇಳಿದಳಂತೆ, ನನಗೆ ಎಂಥ ಹುಡುಗನನ್ನಾದರೂ ನೋಡಿ, ಆ ಎರಡು ತುತ್ತಿನವನನ್ನು ಮಾತ್ರ ಬೇಡ.

ನಾನು ತಲೆ ತಗ್ಗಿಸಿದೆ. ಎರಡು ತುತ್ತು ಎಂಬ ಲೆಕ್ಕ ಇಷ್ಟು ನಿಖರವಾಗಿ ನನ್ನ ಕಡೆ ತಿರುಗಿ ಬರುತ್ತದೆ ಎಂದು ತಿಳಿದಿರಲಿಲ್ಲ.

ಯಜಮಾನರ ಕೈ ಇದ್ದಕ್ಕಿದ್ದ ಹಾಗೆ ದೋಸೆಯ ಮೇಲೇ ನಿಂತಿತು.

"ನಿಮ್ಮ ಅತ್ತಿಗೆ ಈಗ ಏನು ಮಾಡ್ತಿರ್ತಾರೆ?"

"ಒಬ್ಬಟ್ಟು" ಎಂದೆ.

ಇಬ್ಬರೂ ಎಲೆಗಳನ್ನು ನೋಡಿದೆವು. ಮಸಾಲೆ ದೋಸೆ, ಹಲ್ವ, ಫ್ರೂಟ್ ಸಾಲಡ್ಡು, ಕಾಫಿ, ಖಾಲಿ ದೋಸೆ. ಅಳಿಯನನ್ನು ದೂರುತ್ತ ಕೂತ ಮನುಷ್ಯ, ಅಳಿಯನಾಗಬೇಕಾದವನ ಜೊತೆ ಸೇರಿ, ಅಳಿಯ ಮಾಡಿದ್ದನ್ನೇ ಮಾಡಿದ್ದರು.

"ನಡಿ" ಎಂದರು. ಬೆಳಗಿನಿಂದ ನೀವು ಎನ್ನುತ್ತಿದ್ದವರು ಮೊದಲ ಸಲ ಏಕವಚನಕ್ಕೆ ಇಳಿದಿದ್ದರು. ಅದು ಶಿಕ್ಷೆಯೋ ಕ್ಷಮೆಯೋ ತಿಳಿಯಲಿಲ್ಲ. ಎದ್ದವರು ಮತ್ತೆ ನಿಂತು, ನಿನ್ನ ಅತ್ತಿಗೆ ಈ ದೋಸೆ ತಿಂದಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಮೂರು ರಸ್ತೆ ಆಚೆ ಐದು ವರ್ಷದಿಂದ ಇದ್ದಾರೆ, ತಿಂದಿಲ್ಲವೇ? ಹೆಂಗಸರು ತಗಡಿನ ಶೆಡ್ಡಿಗೆ ಬರುತ್ತಿರಲಿಲ್ಲ ಎಂಬುದು ನಿಜ. ಕಟ್ಟಿಸಿಕೊಂಡು ಹೋಗಲು ಯಾರ ಅಡ್ಡಿಯೂ ಇರಲಿಲ್ಲ ಎಂಬುದೂ ನಿಜ. ಯಜಮಾನರು ಮೂರು ಖಾಲಿ ದೋಸೆ ಬಾಳೆ ಎಲೆಯಲ್ಲಿ ಕಟ್ಟಿಸಿ ತಮ್ಮ ಕೈಯಲ್ಲೇ ಹಿಡಿದುಕೊಂಡರು.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಪೊಟ್ಟಣ ನೋಡಿದರು. ಅದರಿಂದ ಬರುತ್ತಿದ್ದ ವಾಸನೆಗೆ ಪರಿಚಯ ಬೇಕಿರಲಿಲ್ಲ. ಐದು ವರ್ಷ ಅದು ನನ್ನ ಅಂಗಿಯಲ್ಲಿ ಮನೆಗೆ ಬಂದಿತ್ತು. ಅವರ ಮುಖದ ಬಣ್ಣ ಹೋಯಿತು. ತಾವು ಬರೆಸಿದ ಕಾಗದ ಅವರ ಕಣ್ಣ ಮುಂದೆ ಬಂದಿರಬೇಕು.

"ಏನಿದು?" ಎಂದರು, ನನ್ನ ಕಡೆ ನೋಡದೆ.

"ಖಾಲಿ ದೋಸೆ ಕಣಮ್ಮಾ" ಎಂದರು ಯಜಮಾನರು. "ಪಾಪ, ಇವರಿಗೆ ಗೊತ್ತಿರಲಿಲ್ಲ. ನಾನೇ ವಾಸನೆ ಹಿಡಿದು ಕರ್ಕೊಂಡು ಹೋದೆ."

ಆಮೇಲೆ ನಡೆದ ಊಟವನ್ನು ಯುದ್ಧವೆನ್ನಲೋ ಪ್ರಾಯಶ್ಚಿತ್ತವೆನ್ನಲೋ. ಇಬ್ಬರೂ ಎದುರುಬದುರು ಕೂತೆವು. ಕೋಸಂಬರಿ, ಎರಡು ಪಲ್ಯ, ಒಬ್ಬಟ್ಟಿನ ಸಾರು, ಚಿತ್ರಾನ್ನ, ಒಬ್ಬಟ್ಟು. ಯಜಮಾನರು ಏನನ್ನೂ ಬೇಡ ಎನ್ನಲಿಲ್ಲ. ನಾಲ್ಕು ಒಬ್ಬಟ್ಟು ತಿಂದರು. ನಾನು ಐದು ತಿಂದೆ. ಅವುಗಳ ರುಚಿ ಹೇಗಿತ್ತು ಎಂದು ಹೇಳಬೇಕಾದ್ದು ನನ್ನ ಕರ್ತವ್ಯ. ಉಸಿರಾಡಲು ಜಾಗವಿಲ್ಲದ ಹೊಟ್ಟೆಯಲ್ಲೂ ಅವು ಒಳ್ಳೆಯ ಒಬ್ಬಟ್ಟುಗಳು. ಕಾಗದದಷ್ಟು ತೆಳ್ಳಗೆ, ಹೂರಣ ಅಂಚಿನವರೆಗೆ ಹರಡಿ, ಎಲ್ಲೂ ಹರಿಯದೆ. ಇಷ್ಟು ಒಳ್ಳೆಯ ಕೈಯೊಂದು ನಾನು ಮಲಗುವ ಮನೆಯಲ್ಲೇ ಇತ್ತು. ನಾನು ಅದನ್ನು ಬಿಟ್ಟು ಊರೆಲ್ಲ ಸೈಕಲ್ ತುಳಿದಿದ್ದೆ. ಅತ್ತಿಗೆ ಇಬ್ಬರ ಮುಖವನ್ನೂ ಬೆರಗಿನಿಂದ ನೋಡುತ್ತ ಬಡಿಸಿದರು.

ಸಂಜೆ ಯಜಮಾನರನ್ನು ರೈಲಿಗೆ ಹತ್ತಿಸಲು ಹೋದೆ. ನಡೆಯಲು ಇಬ್ಬರಿಗೂ ಕಷ್ಟವಾಗಿತ್ತು. ಕಿಟಕಿಯ ಪಕ್ಕ ಕೂತ ಮೇಲೆ ಅವರು ಹೇಳಿದರು:

"ನಿನ್ನ ಅತ್ತಿಗೆ ಮುಂದೆ ನಾನು ಸುಳ್ಳು ಹೇಳಿದೆ. ನನ್ನ ಮಗಳ ಮುಂದೆ ಹೇಳಲ್ಲ. ಮೆಜೆಸ್ಟಿಕ್ಕಿನ ಸಪ್ಲೈಯರಿಂದ ಹಿಡಿದು ಒಬ್ಬಟ್ಟಿನ ತನಕ ನಡೆದದ್ದು ನಡೆದ ಹಾಗೇ ಹೇಳ್ತೀನಿ. ತೀರ್ಮಾನ ಅವಳದು."

ಸಪ್ಲೈಯರ ವಿಷಯ ನಿಮಗೆ ಆಗಲೇ ಗೊತ್ತಾಗಿತ್ತೇ ಎಂದು ಕೇಳಿದೆ. ಹೋಟೆಲಿಗೆ ಬಂದವನಿಗೆ ನಿನ್ನನ್ನು ನೋಡಿಲ್ಲ ಎಂದು ಹೇಳುವ ಪದ್ಧತಿ ತಿಪಟೂರಿನಲ್ಲಿ ಇಲ್ಲ ಎಂದರು. ರೈಲು ಹೊರಟಿತು.

ಮನೆಗೆ ಬಂದರೆ ಅತ್ತಿಗೆ ಬಾಳೆ ಎಲೆಯನ್ನು ಮಡಚುತ್ತಿದ್ದರು. ಮೂರರಲ್ಲಿ ಒಂದೂ ಉಳಿದಿರಲಿಲ್ಲ.

"ಇದಕ್ಕೇನೋ ಐದು ವರ್ಷದಿಂದ ನನ್ನ ಸಾರು ಸಪ್ಪೆ ಆಗಿದ್ದು?" ಎಂದರು. ಕೋಪವಿರಲಿಲ್ಲ. ಅದಕ್ಕಿಂತ ಕೆಟ್ಟದಾಗಿ, ದೋಸೆಯನ್ನು ಮೆಚ್ಚಿಕೊಂಡಿದ್ದರು.

ಇಪ್ಪತ್ತೆರಡು ದಿನ ತಿಪಟೂರಿನಿಂದ ಕಾಗದ ಬರಲಿಲ್ಲ. ಆ ಇಪ್ಪತ್ತೆರಡು ದಿನ ನಾನು ಸೈರನ್ ಕೂಗಿದ ಕೂಡಲೇ ನೇರವಾಗಿ ಮನೆಗೆ ಬಂದು ಅತ್ತಿಗೆ ಮಾಡಿದ್ದನ್ನೆಲ್ಲ ಎರಡು ಸಲ ಹಾಕಿಸಿಕೊಂಡು ಉಂಡೆ. ಯಾರಿಗೆ ತೋರಿಸಲು ಎಂದು ಕೇಳಿದರೆ ಹೇಳಲಾರೆ. ತಿಪಟೂರಿಗೆ ಕಾಣುವ ಹಾಗಿರಲಿಲ್ಲ. ಇಪ್ಪತ್ತಮೂರನೆಯ ದಿನ ಕಾಗದ ಬಂತು. ಹೆಣ್ಣು ನೋಡಲು ಬನ್ನಿ ಎಂದಷ್ಟೇ ಇತ್ತು. ಒಪ್ಪಿಗೆ ಎಂದಿರಲಿಲ್ಲ.

ಹೋದೆವು. ಚಾಪೆ, ತಾಂಬೂಲ, ಉಪ್ಪಿಟ್ಟು, ಕೇಸರಿಬಾತು. ಹುಡುಗಿ ತಟ್ಟೆ ತಂದಿಟ್ಟು ಅಮ್ಮನ ಪಕ್ಕ ಕೂತಳು. ಹಿರಿಯರು ಯಥಾಪ್ರಕಾರ, ಏನಾದರೂ ಕೇಳುವುದಿದ್ದರೆ ಕೇಳಮ್ಮ ಎಂದರು. ಯಾರೂ ಏನೂ ಕೇಳುವುದಿಲ್ಲವೆಂಬ ಧೈರ್ಯದಿಂದ ಹೇಳುವ ಮಾತು ಅದು. ಅವಳು ಕೇಳಿದಳು.

"ಅತ್ತಿಗೆಗೆ ಖಾಲಿ ದೋಸೆ ಹಿಡಿಸ್ತಾ?"

ನಾನು ಅತ್ತಿಗೆಯ ಕಡೆ ನೋಡಿದೆ. ಅವರು ಸೀರೆಯ ಸೆರಗು ನೋಡಿಕೊಳ್ಳುತ್ತಿದ್ದರು. ಇನ್ನು ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ತಣ್ಣಗಾಗಿತ್ತು. ಆದ್ರೂ ಮೂರೂ ತಿಂದ್ರು" ಎಂದೆ. "ಕಲ್ಲಿನ ಮೇಲಿಂದ ಹಾಗೇ ತಿಂದಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ಅದು ನಂದೇ ತಪ್ಪು."

ಅವಳು ತಲೆ ಬಗ್ಗಿಸಿ ನನ್ನ ತಟ್ಟೆಯನ್ನು ನೋಡಿದಳು. ಕೇಸರಿಬಾತು ಖಾಲಿಯಾಗಿತ್ತು. ಎದ್ದು ಹೋಗಿ ಇನ್ನೊಂದು ಸೌಟು ತಂದು ಹಾಕಿದಳು. ಯಜಮಾನರು ಗಂಟಲು ಸರಿಮಾಡಿಕೊಂಡು ಪಂಚಾಂಗ ಎಲ್ಲಿ ಎಂದು ಕೇಳಿದರು.

ಮದುವೆಯಾದ ಎರಡನೆಯ ವಾರ ಹೆಂಡತಿಯನ್ನೂ ಅತ್ತಿಗೆಯನ್ನೂ ಮೆಜೆಸ್ಟಿಕ್ಕಿಗೆ ಕರೆದುಕೊಂಡು ಹೋದೆ. ಅತ್ತಿಗೆ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಬಲಗಾಲು ಮುಂದಿಟ್ಟು ಒಳಗೆ ಬಂದರು. ಫ್ಯಾಮಿಲಿ ರೂಮಿನ ಹಸಿರು ಪರದೆಯ ಒಳಗೆ ಮೂವರೂ ಕೂತೆವು. ಅಷ್ಟು ವರ್ಷ ಹೊರಗಿನಿಂದ ನೋಡಿದ ಆ ಪರದೆಗೆ ಒಳಗಡೆಯಿಂದ ಹೂವಿನ ಕಸೂತಿ ಇತ್ತು. ಹಿರಿಯ ಸಪ್ಲೈಯರು ಪರದೆ ಸರಿಸಿ ಬಂದರು. ನನ್ನನ್ನು ನೋಡಿದರು, ಹೆಂಗಸರನ್ನು ನೋಡಿದರು. ನಾನು ಆ ಹಳೆಯ ಕೋರಿಕೆಯನ್ನು ಹಿಂತೆಗೆದುಕೊಳ್ಳಲು ಮರೆತಿದ್ದೆ. ಅವರು ಮಾತಿಗೆ ತಪ್ಪುವವರಲ್ಲ.

"ಸಾರ್ ಈ ಕಡೆಗೆ ಹೊಸಬರಾ?" ಎಂದರು. "ಮಸಾಲೆ ದೋಸೆ ಅಂದ್ರೆ ಸಾರ್..."

"ಅವರಿಗೆ ಮಾಮೂಲು ತನ್ನಿ" ಎಂದಳು ನನ್ನ ಹೆಂಡತಿ. "ನಮಗಿಬ್ಬರಿಗೂ ಅದನ್ನೇ."

ಅವರು ಹೆಗಲಿನ ಟವೆಲು ತೆಗೆದು, ಒರೆಸುವ ಅಗತ್ಯವೇ ಇಲ್ಲದ ಮೇಜನ್ನು ಇನ್ನೊಂದು ಸಲ ಒರೆಸಿ ಹೋದರು. ದೋಸೆ ಬಂತು; ಬೆಣ್ಣೆ ಇನ್ನೂ ಕರಗಿರಲಿಲ್ಲ. ಅತ್ತಿಗೆ ಎಲ್ಲಿಂದ ಮುರಿಯಬೇಕು ಎಂದು ಕೇಳಿದರು. ಅಂಚಿನಿಂದ ಎಂದೆ.